ಐಪಿಒ ಅರ್ಜಿಯೋ, ಪೇಟೆಯಲ್ಲಿರುವ ಸಣ್ಣ ಕಂಪನಿಯ ಷೇರೋ?

ಕಳೆದ ವರ್ಷ ಒಂದು ಮಧ್ಯಾಹ್ನ, ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಮನೆಯ ಮೆಟ್ಟಿಲು ಹತ್ತಿದರು. ಅಂದು ಒಂದು ಐಪಿಒ, ಅಂದರೆ ಕಂಪನಿಯೊಂದು ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವ ಕೊಡುಗೆ, ಮುಗಿಯುವ ದಿನ. ಯುಪಿಐ ಒಪ್ಪಿಗೆ ಕೊಡಲು ಸಂಜೆ 5ರವರೆಗೆ ಮಾತ್ರ ಅವಕಾಶ. ಗಂಟೆ ಆಗಲೇ ಮೂರೂವರೆ. ಖಾತೆಯಲ್ಲಿ ₹14,800 ತಡೆಹಿಡಿಯಲು ಅನುಮತಿ ಕೇಳುವ ಸಂದೇಶ ಪರದೆಯ ಮೇಲೆ ಬಂದು ಕೂತಿತ್ತು. “ನಲವತ್ತು ಪಟ್ಟು ಅರ್ಜಿ ಬಂದಿದೆಯಂತೆ ಕಣಪ್ಪಾ. ಒಪ್ಪಿಗೆ ಕೊಡಲೋ, ಬೇಡವೋ?” ಎಂದರು.

“ಸರ್, ಈ ಷೇರನ್ನು ನಿಮಗೆ ಮಾರುತ್ತಿರುವವರು ಯಾರು?” ಎಂದು ಕೇಳಿದೆ. ಕಂಪನಿಯ ಹೆಸರು, ಬೆಲೆ, ಗ್ರೇ ಮಾರ್ಕೆಟ್ ಪ್ರೀಮಿಯಂ (ಷೇರು ಪೇಟೆಗೆ ಬರುವ ಮುನ್ನವೇ ಅನಧಿಕೃತವಾಗಿ ಕೊಡುವ ಹೆಚ್ಚುವರಿ ಬೆಲೆ) ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿದ್ದವು. ಈ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ. ಇಬ್ಬರೂ ಕೂತು ಪ್ರಾಸ್ಪೆಕ್ಟಸ್, ಅಂದರೆ ಐಪಿಒದ ವಿವರಗಳಿರುವ ದಾಖಲೆ, ತೆರೆದೆವು. ಮುಖಪುಟದಲ್ಲೇ ಬರೆದಿತ್ತು: ಇಡೀ ಕೊಡುಗೆ ‘ಆಫರ್ ಫಾರ್ ಸೇಲ್’. ಅಂದರೆ ಕಂಪನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಆರು ವರ್ಷಗಳ ಹಿಂದೆ ಹಣ ಹಾಕಿದ್ದ ಹೂಡಿಕೆ ನಿಧಿಯೊಂದು ತನ್ನ ಪಾಲನ್ನು ಪೂರ್ತಿ ಮಾರಿ ಹೊರಡುತ್ತಿತ್ತು. ಮೇಷ್ಟ್ರು ಒಪ್ಪಿಗೆ ಕೊಡಲಿಲ್ಲ. ಆ ಷೇರು ಮೊದಲ ದಿನ ಶೇ 11ರಷ್ಟು ಏರಿಯೇ ಮುಗಿಯಿತು. ಆದರೂ ಅವರ ತೀರ್ಮಾನ ಸರಿಯಾಗಿತ್ತು ಎಂದು ಇಂದಿಗೂ ಹೇಳುತ್ತೇನೆ.

ನಾಲ್ಕು ದಾರಿಗಳು

ದೊಡ್ಡ ಕಂಪನಿಗಳನ್ನು ಬಿಟ್ಟು ಬೆಳೆಯುವ ಹಂತದಲ್ಲಿರುವ ಕಂಪನಿಗಳಲ್ಲಿ ಹಣ ತೊಡಗಿಸಬೇಕೆಂದು ಹೊರಟವರ ಮುಂದೆ ನಾಲ್ಕು ದಾರಿಗಳಿವೆ. ಈಗಾಗಲೇ ಪೇಟೆಯಲ್ಲಿ ವಹಿವಾಟಾಗುತ್ತಿರುವ ಸಣ್ಣ ಕಂಪನಿಯ ಷೇರನ್ನು ನೇರವಾಗಿ ಕೊಳ್ಳುವುದು ಒಂದು. ಮುಖ್ಯ ಪೇಟೆಗೆ ಬರುವ ಐಪಿಒಗೆ ಅರ್ಜಿ ಹಾಕುವುದು ಇನ್ನೊಂದು. ಎಸ್‌ಎಂಇ (ಸಣ್ಣ ಮತ್ತು ಮಧ್ಯಮ ಉದ್ಯಮ) ವೇದಿಕೆಯ ಪುಟ್ಟ ಕಂಪನಿಗಳ ಐಪಿಒ ಮೂರನೆಯದು. ಹಲವರ ಹಣ ಒಟ್ಟುಗೂಡಿಸಿ ಸಣ್ಣ ಕಂಪನಿಗಳಲ್ಲಿ ತೊಡಗಿಸುವ ಸ್ಮಾಲ್ ಕ್ಯಾಪ್ ಮ್ಯೂಚುವಲ್ ಫಂಡ್ ನಾಲ್ಕನೆಯದು.

‘ಸಣ್ಣ’ ಎಂಬುದಕ್ಕೆ ಒಂದು ಅಳತೆ ಇದೆ. 2017ರ ಅಕ್ಟೋಬರ್‌ನಲ್ಲಿ ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ಮಾಡಿದ ವಿಂಗಡಣೆಯಂತೆ, ಒಟ್ಟು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು ಲಾರ್ಜ್ ಕ್ಯಾಪ್, 101ರಿಂದ 250ರವರೆಗಿನವು ಮಿಡ್ ಕ್ಯಾಪ್, 251ರಿಂದ ಮುಂದಿನವೆಲ್ಲ ಸ್ಮಾಲ್ ಕ್ಯಾಪ್. ಹಾಗಾಗಿ ಸ್ಮಾಲ್ ಕ್ಯಾಪ್ ಎಂಬ ಒಂದೇ ಹೆಸರಿನಡಿ ಸಾವಿರಾರು ಕೋಟಿ ವಹಿವಾಟಿನ ಕಾರ್ಖಾನೆಯೂ ಇರುತ್ತದೆ, ದಿನಕ್ಕೆ ನಾಲ್ಕು ಮಂದಿಯೂ ಕೊಳ್ಳದ ಷೇರೂ ಇರುತ್ತದೆ.

ಜಾತ್ರೆಯಲ್ಲಿ ಎತ್ತು ಕೊಳ್ಳುವವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಹೊಲದಲ್ಲಿ ಮೂರು ಹಂಗಾಮು ಉಳುವುದನ್ನು ನೋಡಿದ ಎತ್ತು ಒಂದು. ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಜಾತ್ರೆಗೆ ತಂದು ಕಟ್ಟಿದ ಎತ್ತು ಮತ್ತೊಂದು. ಎರಡನೆಯದು ಒಳ್ಳೆಯ ಎತ್ತೇ ಆಗಿರಬಹುದು. ಆದರೆ ಅದರ ಕುಂಟು ಮಾರುವವನಿಗೆ ಗೊತ್ತು, ನಮಗೆ ಗೊತ್ತಿಲ್ಲ. ಯಾವ ದಿನ ತಂದು ಕಟ್ಟಬೇಕೆಂದು ತೀರ್ಮಾನಿಸುವವನೂ ಅವನೇ.

ದಿನವನ್ನು ಆರಿಸುವವರು ಯಾರು

ಐಪಿಒದಲ್ಲಿ ಕಂಪನಿಯ ಬಗ್ಗೆ ಅತಿ ಹೆಚ್ಚು ತಿಳಿದವರು, ತಮಗೆ ಅನುಕೂಲವಾದ ಹೊತ್ತಿನಲ್ಲಿ, ತಾವೇ ನಿಗದಿಪಡಿಸಿದ ಬೆಲೆಗೆ ಮಾರುತ್ತಾರೆ. ಪೇಟೆ ಕುದಿಯುವಾಗ ಐಪಿಒಗಳು ಸಾಲುಗಟ್ಟುವುದು, ಪೇಟೆ ತಣ್ಣಗಾದಾಗ ಮಾಯವಾಗುವುದು ಇದೇ ಕಾರಣಕ್ಕೆ. 2008ರ ಜನವರಿಯಲ್ಲಿ, ಪೇಟೆ ಉತ್ತುಂಗದಲ್ಲಿದ್ದಾಗ, ರಿಲಯನ್ಸ್ ಪವರ್ ₹450ರ ಬೆಲೆಗೆ ಬಂತು. ಎಪ್ಪತ್ತು ಪಟ್ಟಿಗೂ ಹೆಚ್ಚು ಅರ್ಜಿಗಳು ಬಿದ್ದವು. ಫೆಬ್ರುವರಿ 11ರಂದು ವಹಿವಾಟು ಶುರುವಾದ ಮೊದಲ ದಿನವೇ ಷೇರು ಶೇ 17ರಷ್ಟು ಕೆಳಗೆ ಮುಗಿಯಿತು. 2021ರ ನವೆಂಬರ್‌ನಲ್ಲಿ ಪೇಟಿಎಂ ₹2,150ಕ್ಕೆ ಷೇರು ಮಾರಿ ₹18,300 ಕೋಟಿ ಸಂಗ್ರಹಿಸಿತು. ಮೊದಲ ದಿನದ ಕುಸಿತ ಶೇ 27.

ಇದಕ್ಕೆ ತದ್ವಿರುದ್ಧವಾದ ಕಥೆ ನಮ್ಮ ಬೆಂಗಳೂರಿನದು. 1993ರಲ್ಲಿ ಇನ್ಫೊಸಿಸ್ ₹95ರಂತೆ ಷೇರು ನೀಡಿದಾಗ ಸಾಕಷ್ಟು ಅರ್ಜಿಗಳೇ ಬರಲಿಲ್ಲ. ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ಶೇ 13ರಷ್ಟು ಪಾಲು ಕೊಂಡು ಕೊಡುಗೆಯನ್ನು ದಡ ಸೇರಿಸಬೇಕಾಯಿತು. “ಆಗ ಹತ್ತು ಸಾವಿರ ಹಾಕಿದ್ದರೆ” ಎಂದು ಶುರುವಾಗುವ ಮಾತನ್ನು ಕೇಳದ ಕನ್ನಡಿಗರಿಲ್ಲ. ಆ ಮಾತಿನಲ್ಲಿ ಒಂದು ಅಂಶ ಸದಾ ತಪ್ಪಿಹೋಗುತ್ತದೆ: ಐಪಿಒ ಬಿಟ್ಟು, ಎರಡು ಮೂರು ವರ್ಷಗಳ ಲೆಕ್ಕಪತ್ರ ನೋಡಿಕೊಂಡು ನಿಧಾನವಾಗಿ ಪೇಟೆಯಲ್ಲಿ ಕೊಂಡವರಿಗೂ ಅದೇ ಕಂಪನಿ ಬದುಕು ಬದಲಿಸುವಷ್ಟು ಹಣ ಕೊಟ್ಟಿತು. ನಿಜವಾಗಿ ಒಳ್ಳೆಯ ಕಂಪನಿಯಾದರೆ ಅದು ಬೆಳೆಯುವುದು ಹತ್ತಾರು ವರ್ಷ. ಮೊದಲ ವಾರ ತಪ್ಪಿದರೆ ನಷ್ಟವಾಗುವುದು ಬಹಳ ಕಡಿಮೆ.

ಅರ್ಜಿಗಳ ಸಂಖ್ಯೆ ಗುಣಮಟ್ಟದ ಅಳತೆಗೋಲೂ ಆಗದು. ಇತ್ತೀಚಿನ ಎರಡು ಐಪಿಒಗಳನ್ನು ನೋಡಿ. ಎರಡೂ ಬೆಂಗಳೂರಿನ ವಿದ್ಯುತ್ ಸ್ಕೂಟರ್ ಕಂಪನಿಗಳು. ಓಲಾ ಎಲೆಕ್ಟ್ರಿಕ್ 2024ರ ಆಗಸ್ಟ್‌ನಲ್ಲಿ ₹76ಕ್ಕೆ ಬಂದು, ಕೆಲವೇ ದಿನಗಳಲ್ಲಿ ₹150 ದಾಟಿತು. ಊರೆಲ್ಲ ಅದರದೇ ಮಾತು. ಮುಂದಿನ ವರ್ಷ ಅದು ₹50ಕ್ಕಿಂತ ಕೆಳಗಿತ್ತು. ಏಥರ್ ಎನರ್ಜಿ 2025ರ ಮೇ ತಿಂಗಳಲ್ಲಿ ₹321ರ ಬೆಲೆಯೊಂದಿಗೆ ಪೇಟೆಗೆ ಬಂದಾಗ ಅರ್ಜಿಗಳು ಬಂದಿದ್ದು ಸುಮಾರು ಒಂದೂವರೆ ಪಟ್ಟು. ಮೊದಲ ದಿನ ಕೊಡುಗೆ ಬೆಲೆಗಿಂತ ಕೆಳಗೆ ಮುಗಿದ ಆ ಷೇರು ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ₹600 ದಾಟಿತ್ತು. ಎರಡೂ ಕಡೆ ಮೊದಲ ವಾರದ ಉತ್ಸಾಹ ಅಥವಾ ನಿರುತ್ಸಾಹ ಮುಂದಿನ ದಾರಿಯ ಬಗ್ಗೆ ಏನನ್ನೂ ಹೇಳಲಿಲ್ಲ.

ಲಾಟರಿಯ ಲೆಕ್ಕ

ಮುಖ್ಯ ಪೇಟೆಯ ಐಪಿಒದಲ್ಲಿ ₹2 ಲಕ್ಷದವರೆಗೆ ಅರ್ಜಿ ಹಾಕುವವರನ್ನು ಸಣ್ಣ ಹೂಡಿಕೆದಾರರೆಂದು ಪರಿಗಣಿಸುತ್ತಾರೆ. ಲಾಭದ ದಾಖಲೆಯುಳ್ಳ ಕಂಪನಿಯಾದರೆ ಅವರಿಗೆ ಕನಿಷ್ಠ ಶೇ 35ರಷ್ಟು ಮೀಸಲು. ಲಾಭದ ಷರತ್ತು ಪೂರೈಸದ ಕಂಪನಿಯಾದರೆ ಶೇ 10ರಷ್ಟು ಮಾತ್ರ. ಈ ಒಂದು ಅಂಕಿಯನ್ನು ನೋಡಿದರೇ ಕಂಪನಿ ಯಾವ ಬಾಗಿಲಿನಿಂದ ಬರುತ್ತಿದೆ ಎಂಬುದು ಗೊತ್ತಾಗುತ್ತದೆ. ಅರ್ಜಿಗಳು ಹೆಚ್ಚಾದರೆ ಲಾಟರಿ ಎತ್ತಿ, ಅದೃಷ್ಟವಿದ್ದವರಿಗೆ ಒಂದೊಂದು ಲಾಟ್ (ಅರ್ಜಿ ಹಾಕಬಹುದಾದ ಕನಿಷ್ಠ ಷೇರುಗಳ ಕಂತೆ) ಕೊಡುತ್ತಾರೆ.

ಮೇಷ್ಟ್ರ ಮುಂದೆ ಕಾಗದದಲ್ಲಿ ಬಿಡಿಸಿ ತೋರಿಸಿದ್ದು ಇದನ್ನೇ. ಒಂದು ಲಾಟ್ ₹15,000 ಎಂದುಕೊಳ್ಳೋಣ. ಮೊದಲ ದಿನ ಶೇ 30 ಏರಿದರೆ ಲಾಭ ₹4,500. ಎಲ್ಲರೂ ಒಂದೊಂದೇ ಲಾಟ್ ಕೇಳಿ 40 ಪಟ್ಟು ಅರ್ಜಿ ಬಂದರೆ, ನಲವತ್ತರಲ್ಲಿ ಒಬ್ಬರಿಗೆ ಷೇರು. ಸರಾಸರಿ ತೆಗೆದರೆ ಒಂದು ಅರ್ಜಿಗೆ ಸಿಗುವುದು ಸುಮಾರು ₹112. ಇನ್ನು, ಯಾರಿಗೂ ಬೇಡವಾದ ಐಪಿಒದಲ್ಲಿ ಅರ್ಜಿ ಹಾಕಿದವರಿಗೆಲ್ಲ ಕೇಳಿದಷ್ಟೂ ಸಿಗುತ್ತದೆ. ಅದು ಶೇ 20 ಕುಸಿದರೆ ₹3,000 ಪೂರ್ತಿ ನಷ್ಟ. ಬೇಕಾದದ್ದು ಕೈಗೆ ಬರುವುದಿಲ್ಲ, ಕೈಗೆ ಬಂದದ್ದು ಹಲವು ಸಲ ಯಾರಿಗೂ ಬೇಡವಾದದ್ದೇ ಆಗಿರುತ್ತದೆ. “ಇಪ್ಪತ್ತು ಐಪಿಒಗಳ ಸರಾಸರಿ ಲಾಭ ಇಷ್ಟು” ಎನ್ನುವ ಪಟ್ಟಿಗಳು ಎಲ್ಲವೂ ಸಿಕ್ಕವು ಎಂದು ಭಾವಿಸಿ ಲೆಕ್ಕ ಹಾಕಿರುತ್ತವೆ. ಹಾಗೆ ಯಾರಿಗೂ ಸಿಗುವುದಿಲ್ಲ.

ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 2021ರ ಏಪ್ರಿಲ್‌ನಿಂದ 2023ರ ಡಿಸೆಂಬರ್‌ವರೆಗಿನ 144 ಐಪಿಒಗಳನ್ನು ಪರಿಶೀಲಿಸಲಾಗಿತ್ತು. ವ್ಯಕ್ತಿಗತ ಹೂಡಿಕೆದಾರರು ತಮಗೆ ಸಿಕ್ಕ ಷೇರುಗಳಲ್ಲಿ, ಮೌಲ್ಯದ ಲೆಕ್ಕದಲ್ಲಿ, ಅರ್ಧದಷ್ಟನ್ನು ಒಂದೇ ವಾರದಲ್ಲಿ ಮಾರಿದ್ದರು. ಹಾಗೆ ಮಾರುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದು ವ್ಯಾಪಾರ. ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ 20 ತೆರಿಗೆಯೂ ಇದೆ. ವರ್ಷ ದಾಟಿದರೆ ₹1.25 ಲಕ್ಷದ ಮೇಲಿನ ಲಾಭಕ್ಕೆ ಶೇ 12.5.

ಪ್ರಾಸ್ಪೆಕ್ಟಸ್‌ನಲ್ಲಿ ಮೊದಲು ತೆರೆಯಬೇಕಾದ ಪುಟಗಳು

ನಾಲ್ಕೈದು ನೂರು ಪುಟಗಳ ದಾಖಲೆಯನ್ನು ಪೂರ್ತಿ ಓದಿ ಎಂದರೆ ಯಾರೂ ಓದುವುದಿಲ್ಲ. ನಾನು ಓದುವ ಕ್ರಮ ಹೀಗಿದೆ.

ಮೊದಲು ಮುಖಪುಟ: ಹೊಸ ಷೇರು ಎಷ್ಟು, ಹಳಬರು ಮಾರುವ ಪಾಲು ಎಷ್ಟು, ಅವರಿಗೆ ಆ ಷೇರು ಬಿದ್ದ ಸರಾಸರಿ ಬೆಲೆ ಎಷ್ಟು. ಹತ್ತು ರೂಪಾಯಿಗೆ ಕೊಂಡದ್ದನ್ನು ಐನೂರಕ್ಕೆ ಮಾರುವುದು ಅಪರಾಧವೇನೂ ಅಲ್ಲ, ಅಪಾಯಕ್ಕೆ ಸಿಕ್ಕ ಪ್ರತಿಫಲವಿರಬಹುದು. ಆದರೆ ಪ್ರವರ್ತಕರೂ (ಕಂಪನಿಯನ್ನು ಕಟ್ಟಿ ನಡೆಸುವ ಒಡೆಯರು) ಹೂಡಿಕೆ ನಿಧಿಗಳೂ ಒಟ್ಟಾಗಿ ದೊಡ್ಡ ಪಾಲು ಮಾರಿ ಹೊರಡುವಾಗ, “ಇಷ್ಟು ಒಳ್ಳೆಯ ಭವಿಷ್ಯವಿದ್ದರೆ ಈಗ ಮಾರುವುದೇಕೆ?” ಎಂದು ಕೇಳುವ ಹಕ್ಕು ನಮಗಿದೆ. ಇದಕ್ಕೆ ಅಪವಾದಗಳೂ ಇವೆ. ಬೆಂಗಳೂರಿನ ಸನ್ಸೇರಾ ಎಂಜಿನಿಯರಿಂಗ್ 2021ರ ಸೆಪ್ಟೆಂಬರ್‌ನಲ್ಲಿ ₹744ಕ್ಕೆ ಬಂದಾಗ ಇಡೀ ಕೊಡುಗೆ ಆಫರ್ ಫಾರ್ ಸೇಲ್ ಆಗಿತ್ತು. ವಾಹನ ಬಿಡಿಭಾಗ ತಯಾರಿಕೆಯಲ್ಲಿ ದಶಕಗಳ ಅನುಭವವಿದ್ದ ಕಂಪನಿ ಮುಂದೆ ಚೆನ್ನಾಗಿಯೇ ಬೆಳೆಯಿತು. ಗಮನಿಸಬೇಕಾದ ಸಂಗತಿ ಬೇರೆ: 2022ರಲ್ಲಿ ಅದೇ ಷೇರು ಕೊಡುಗೆ ಬೆಲೆಗಿಂತ ಕೆಳಗೆ, ಲಾಟರಿಯಿಲ್ಲದೆ, ಬೇಕಾದಷ್ಟು ಸಿಗುತ್ತಿತ್ತು.

ಆಮೇಲೆ ‘ಆಬ್ಜೆಕ್ಟ್ಸ್ ಆಫ್ ದಿ ಆಫರ್’ ಎಂಬ ಅಧ್ಯಾಯ. ಹಣ ಯಾವುದಕ್ಕೆ? ಹೊಸ ಘಟಕಕ್ಕೋ, ಯಂತ್ರಕ್ಕೋ, ಸಾಲ ತೀರಿಸಲೋ? 2015ರಲ್ಲಿ ಕರ್ನಾಟಕದ ಎರಡು ಕಂಪನಿಗಳು ಪೇಟೆಗೆ ಬಂದವು. ಹುಬ್ಬಳ್ಳಿಯ ವಿಆರ್‌ಎಲ್ ಲಾಜಿಸ್ಟಿಕ್ಸ್ ಏಪ್ರಿಲ್‌ನಲ್ಲಿ ₹205ಕ್ಕೆ ಬಂತು. ಹೊಸ ಷೇರುಗಳಿಂದ ಬಂದ ಹಣದ ಒಂದು ಭಾಗ ಸರಕು ವಾಹನ ಕೊಳ್ಳಲು. ನಮ್ಮ ಹೆದ್ದಾರಿಗಳಲ್ಲಿ ಓಡಾಡಿದವರೆಲ್ಲ ಅದರ ಲಾರಿಗಳನ್ನು ಕಣ್ಣಾರೆ ನೋಡಿದ್ದರು. ಮೊದಲ ದಿನವೇ ಶೇ 40ರ ಆಸುಪಾಸು ಏರಿತು. ಅಕ್ಟೋಬರ್‌ನಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್ ₹328ಕ್ಕೆ ಬಂತು. ಕಾಫಿ ರುಚಿಯಾಗಿತ್ತು, ಹೆಸರು ಮನೆಮಾತಾಗಿತ್ತು. ಆದರೆ ಸಂಗ್ರಹಿಸಿದ ₹1,150 ಕೋಟಿಯಲ್ಲಿ ದೊಡ್ಡ ಪಾಲು ಸಾಲ ತೀರಿಸಲು ಎಂದು ದಾಖಲೆಯೇ ಹೇಳುತ್ತಿತ್ತು. ಮೊದಲ ದಿನವೇ ಷೇರು ಬಿದ್ದಿತು. ಆ ಸಮೂಹದ ಸಾಲದ ಭಾರ ಎಷ್ಟಿತ್ತೆಂಬುದು 2019ರ ಜುಲೈನಲ್ಲಿ ಇಡೀ ರಾಜ್ಯಕ್ಕೆ ತಿಳಿದ ಬಗೆ ಇಂದಿಗೂ ನೋವು ಕೊಡುತ್ತದೆ. ಅಂಗಡಿಯ ಮುಂದಿನ ಸಾಲು ನೋಡಿ ಷೇರು ಕೊಳ್ಳಬಾರದು, ಸಾಲದ ಪುಟ ನೋಡಬೇಕು ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಮೂರನೆಯದು ಅಪಾಯಗಳ ಅಧ್ಯಾಯದ ಮೊದಲ ಹತ್ತು ಅಂಶಗಳು. ಕೊನೆಯವು ಎಲ್ಲ ಕಂಪನಿಗಳಲ್ಲೂ ಒಂದೇ ರೀತಿ ಇರುತ್ತವೆ: ಮಳೆ, ಯುದ್ಧ, ಬಡ್ಡಿದರ. ಮೊದಲ ಹತ್ತರಲ್ಲಿ ನಿಜವಾದ ಸಂಗತಿ ಇರುತ್ತದೆ. ಶೇ 60ರಷ್ಟು ಆದಾಯ ಒಬ್ಬನೇ ಗ್ರಾಹಕನಿಂದ, ಕಾರ್ಖಾನೆಯ ಜಾಗ ಪ್ರವರ್ತಕರ ಕುಟುಂಬದಿಂದ ಬಾಡಿಗೆಗೆ, ಮೂರು ವರ್ಷಗಳಲ್ಲಿ ಎರಡು ವರ್ಷ ಕಾರ್ಯಾಚರಣೆಯಿಂದ ನಗದು ಬಂದೇ ಇಲ್ಲ: ಇಂಥವು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತವೆ.

ಲಾಕ್-ಇನ್ ಅವಧಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ಐಪಿಒ ತೆರೆಯುವ ಮುನ್ನವೇ ಷೇರು ಪಡೆಯುವ ದೊಡ್ಡ ಸಂಸ್ಥೆಗಳ, ಅಂದರೆ ಆಂಕರ್ ಹೂಡಿಕೆದಾರರ, ಅರ್ಧ ಷೇರುಗಳಿಗೆ 30 ದಿನ, ಉಳಿದರ್ಧಕ್ಕೆ 90 ದಿನ ಮಾರಾಟದ ನಿರ್ಬಂಧವಿದೆ. ಐಪಿಒಗೆ ಮುಂಚೆಯೇ ಇದ್ದ ಹೂಡಿಕೆದಾರರಿಗೆ ಸಾಮಾನ್ಯವಾಗಿ ಆರು ತಿಂಗಳು. ಬೀಗ ತೆಗೆದ ದಿನ ಏನಾಗಬಹುದೆಂದು ಜೊಮಾಟೊ ತೋರಿಸಿತು. 2021ರ ಜುಲೈನಲ್ಲಿ ₹76ಕ್ಕೆ ಬಂದು ಮೊದಲ ದಿನವೇ ₹100 ದಾಟಿದ್ದ ಆ ಷೇರು, ಸರಿಯಾಗಿ ಒಂದು ವರ್ಷಕ್ಕೆ ಹಳೆಯ ಹೂಡಿಕೆದಾರರ ನಿರ್ಬಂಧ (ಅದಕ್ಕೆ ಆಗ ಒಂದು ವರ್ಷದ ಅವಧಿಯಿತ್ತು) ಮುಗಿದಾಗ ಒಂದೇ ದಿನ ಶೇ 11ರಷ್ಟು ಕುಸಿದು, ಅದೇ ವಾರ ₹40ರ ಆಸುಪಾಸಿಗೆ ಬಂತು. ಕಂಪನಿಯನ್ನು ಅರಿತು ಆಗ ಕೊಂಡವರಿಗೆ ಮುಂದೆ ಸಿಕ್ಕ ಲಾಭ ಐಪಿಒದಲ್ಲಿ ಸಿಕ್ಕವರಿಗಿಂತ ದೊಡ್ಡದು.

ಪೇಟೆಯಲ್ಲಿರುವ ಸಣ್ಣ ಕಂಪನಿ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಹತ್ತು ವರ್ಷಗಳಿಂದ ಪೇಟೆಯಲ್ಲಿರುವ ಕಂಪನಿಯ ಹತ್ತು ವಾರ್ಷಿಕ ವರದಿಗಳು, ನಲವತ್ತು ತ್ರೈಮಾಸಿಕ ಫಲಿತಾಂಶಗಳು ನಮ್ಮ ಮುಂದಿರುತ್ತವೆ. ನೋಟು ರದ್ದತಿಯನ್ನೂ ಕೋವಿಡ್ ಲಾಕ್‌ಡೌನನ್ನೂ ಕಂಪನಿ ಹೇಗೆ ದಾಟಿತು ಎಂಬುದು ಅಂಕಿಗಳಲ್ಲಿ ಕಾಣುತ್ತದೆ. ಐದು ವರ್ಷಗಳ ಹಿಂದೆ ಆಡಳಿತ ಮಂಡಳಿ ಏನು ಮಾಡುತ್ತೇವೆ ಎಂದಿತ್ತು, ಏನು ಮಾಡಿತು ಎಂದು ಹೋಲಿಸಬಹುದು. ಪ್ರವರ್ತಕರು ತಮ್ಮ ಷೇರುಗಳನ್ನು ಅಡವಿಟ್ಟಿದ್ದಾರೆಯೇ ಎಂಬುದನ್ನು ಷೇರು ವಿನಿಮಯ ಕೇಂದ್ರಗಳಾದ ಬಿಎಸ್‌ಇ, ಎನ್‌ಎಸ್‌ಇ ಜಾಲತಾಣಗಳಲ್ಲಿ ಮೂರು ತಿಂಗಳಿಗೊಮ್ಮೆ ನೋಡಬಹುದು. ಐಪಿಒ ದಾಖಲೆಯಲ್ಲಿ ಸಿಗುವುದು ಸಾಮಾನ್ಯವಾಗಿ ಮೂರು ವರ್ಷಗಳ ಲೆಕ್ಕ, ಅದೂ ಮಾರಾಟಕ್ಕೆ ಸಿದ್ಧವಾಗುತ್ತಿದ್ದ ಮೂರು ವರ್ಷಗಳದು.

ಇಲ್ಲಿ ನಾನು ಮೊದಲು ನೋಡುವುದು ಲಾಭದ ಸಾಲನ್ನಲ್ಲ, ಬರಬೇಕಾದ ಬಾಕಿಯ ಸಾಲನ್ನು. ಪಂಪ್‌ಸೆಟ್ ತಯಾರಿಸುವ ಕಂಪನಿಯೊಂದನ್ನು ಊಹಿಸಿಕೊಳ್ಳಿ. ಎರಡು ವರ್ಷಗಳಲ್ಲಿ ಮಾರಾಟ ₹100 ಕೋಟಿಯಿಂದ ₹150 ಕೋಟಿಗೆ, ಲಾಭ ₹8 ಕೋಟಿಯಿಂದ ₹14 ಕೋಟಿಗೆ ಏರಿದೆ. ಕಾಗದದ ಮೇಲೆ ಸೊಗಸಾಗಿದೆ. ಪುಟ ತಿರುವಿದರೆ, ಗ್ರಾಹಕರಿಂದ ಬರಬೇಕಾದ ಬಾಕಿ ₹20 ಕೋಟಿಯಿಂದ ₹60 ಕೋಟಿಯಾಗಿದೆ. ಮೊದಲು ಸರಕು ಕೊಟ್ಟು 73 ದಿನಕ್ಕೆ ಹಣ ಬರುತ್ತಿತ್ತು. ಈಗ 146 ದಿನ. ನಗದು ಹರಿವಿನ ಪಟ್ಟಿಯಲ್ಲಿ ಕಾರ್ಯಾಚರಣೆಯಿಂದ ಬಂದ ಹಣ ₹5 ಕೋಟಿ ಋಣಾತ್ಮಕ. ವ್ಯಾಪಾರ ಬೆಳೆದಿರಬಹುದು, ಅಥವಾ ವಿತರಕರ ಗೋದಾಮಿಗೆ ಸರಕು ತುಂಬಿ ಅದನ್ನೇ ಮಾರಾಟ ಎಂದು ಬರೆದಿರಬಹುದು. ಅಂಗಡಿ ನಡೆಸಿದ ಯಾರಿಗಾದರೂ ಇದು ತಕ್ಷಣ ಅರ್ಥವಾಗುತ್ತದೆ: ಉದ್ರಿಯ ಪುಸ್ತಕ ದಪ್ಪವಾದ ಮಾತ್ರಕ್ಕೆ ಗಲ್ಲಾ ತುಂಬುವುದಿಲ್ಲ.

ಇದರ ಜೊತೆಗೆ ಲೆಕ್ಕಪರಿಶೋಧಕರು ಅವಧಿಗೆ ಮುನ್ನ ರಾಜೀನಾಮೆ ಕೊಟ್ಟಿದ್ದರೆ, ಪ್ರವರ್ತಕರ ಬೇರೆ ಕಂಪನಿಗಳಿಗೆ ಸಾಲವೋ ಮುಂಗಡವೋ ಹೋಗಿದ್ದರೆ, ನಾನು ಅಲ್ಲಿಗೇ ಆ ಕಡತ ಮುಚ್ಚುತ್ತೇನೆ. ಪಟ್ಟಿಯಲ್ಲಿ ಸಾವಿರಾರು ಕಂಪನಿಗಳಿವೆ. ಅನುಮಾನ ಹುಟ್ಟಿಸಿದ್ದನ್ನೇ ಹಿಡಿದು ಕೂರಬೇಕಾದ ಅಗತ್ಯ ಯಾರಿಗೂ ಇಲ್ಲ.

ಸಿಗದೇ ಇರುವುದು ಒಂದಿದೆ, ಅದು ಬೇಕಾದಾಗ ಹೊರಬರುವ ಬಾಗಿಲು. ಹಲವು ವರ್ಷಗಳ ಹಿಂದೆ ಸಣ್ಣ ಕಂಪನಿಯೊಂದರ 400 ಷೇರುಗಳನ್ನು ಕೊಂಡಿದ್ದೆ. ಒಂದು ಸೋಮವಾರ ಕೆಟ್ಟ ಸುದ್ದಿ ಬಂತು. ₹212 ಇದ್ದ ಷೇರು, ಒಂದು ದಿನಕ್ಕೆ ಅದಕ್ಕಿಂತ ಹೆಚ್ಚು ಇಳಿಯಲು ಬಿಡದ ಶೇ 5ರ ಮಿತಿಯಾದ ಲೋವರ್ ಸರ್ಕ್ಯೂಟ್‌ನಲ್ಲಿ ಬೀಗ ಹಾಕಿಕೊಂಡಿತು. ಪ್ರತಿದಿನ ಬೆಳಿಗ್ಗೆ 9ಕ್ಕೆ ಮಾರಾಟದ ಆದೇಶ ಹಾಕುತ್ತಿದ್ದೆ. ನನ್ನ ಮುಂದೆ ಲಕ್ಷಗಟ್ಟಲೆ ಷೇರುಗಳ ಸಾಲು, ಕೊಳ್ಳುವವರ ಕಡೆ ಸೊನ್ನೆ. ಹನ್ನೊಂದು ದಿನ ಹೀಗೇ ನಡೆಯಿತು. ಕೊನೆಗೆ ₹120ಕ್ಕೆ ಮಾರಾಟವಾಯಿತು. ನಷ್ಟದ ಮೊತ್ತ ಈಗ ಮುಖ್ಯವಲ್ಲ. ಪರದೆಯ ಮೇಲೆ ಬೆಲೆ ಕಾಣುತ್ತಿದ್ದರೂ ಆ ಬೆಲೆಗೆ ಕೊಳ್ಳುವವರಿಲ್ಲ ಎಂಬುದು ಅಂದು ಅರ್ಥವಾಯಿತು. ಅಂದಿನಿಂದ ಯಾವ ಸಣ್ಣ ಷೇರು ಕೊಳ್ಳುವ ಮುಂಚೆಯೂ ಅದರ ದಿನದ ಸರಾಸರಿ ವಹಿವಾಟು ನೋಡುತ್ತೇನೆ. ನಾನು ಹಾಕುವ ಹಣ ಆ ವಹಿವಾಟಿನ ಶೇ 1ಕ್ಕಿಂತ ಹೆಚ್ಚಾಗುವುದಾದರೆ ಕೊಳ್ಳುವುದಿಲ್ಲ. ವಿನಿಮಯ ಕೇಂದ್ರಗಳ ಹೆಚ್ಚುವರಿ ನಿಗಾ ಪಟ್ಟಿಯಲ್ಲಿ ಹೆಸರಿದೆಯೇ ಎಂದೂ ನೋಡುತ್ತೇನೆ.

ಇಡೀ ವರ್ಗವೇ ಬೀಳುವ ಕಾಲವೂ ಬರುತ್ತದೆ. 2018ರ ಜನವರಿಯಲ್ಲಿ 20,000 ದಾಟಿದ್ದ ಬಿಎಸ್‌ಇ ಸ್ಮಾಲ್ ಕ್ಯಾಪ್ ಸೂಚ್ಯಂಕ 2020ರ ಮಾರ್ಚ್‌ನಲ್ಲಿ 9,000ಕ್ಕಿಂತ ಕೆಳಗಿಳಿದಿತ್ತು. ಹಳೆಯ ಮಟ್ಟಕ್ಕೆ ಮರಳಲು ಸುಮಾರು ಮೂರು ವರ್ಷ ಹಿಡಿಯಿತು. ಮೂರು ವರ್ಷ ಮುಟ್ಟದೆ ಬಿಡಲಾಗದ ಹಣ, ಮಗಳ ಕಾಲೇಜು ಶುಲ್ಕವೋ ಮನೆ ಕಟ್ಟಲು ಇಟ್ಟದ್ದೋ, ಈ ನಾಲ್ಕು ದಾರಿಗಳಲ್ಲಿ ಯಾವುದಕ್ಕೂ ಹೋಗಬಾರದು.

ಎಸ್‌ಎಂಇ ಐಪಿಒ: ನನ್ನ ಎಚ್ಚರಿಕೆ ಇಲ್ಲಿಗೇ ಹೆಚ್ಚು

ಬಿಎಸ್‌ಇ ಮತ್ತು ಎನ್‌ಎಸ್‌ಇ 2012ರಲ್ಲಿ ಸಣ್ಣ ಉದ್ಯಮಗಳಿಗಾಗಿ ಪ್ರತ್ಯೇಕ ವೇದಿಕೆಗಳನ್ನು ತೆರೆದವು. ಉದ್ದೇಶ ಒಳ್ಳೆಯದು. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಯಂತ್ರ ಬಿಡಿಭಾಗ ಮಾಡುವ ಉದ್ಯಮಿಗೆ ಬ್ಯಾಂಕ್ ಸಾಲವನ್ನೇ ನೆಚ್ಚಿಕೊಳ್ಳದೆ ಬಂಡವಾಳ ಸಿಗಬೇಕು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಈ ದಾಖಲೆಗಳನ್ನು ಪರಿಶೀಲಿಸುವುದು ವಿನಿಮಯ ಕೇಂದ್ರ, ಸೆಬಿ ಅಲ್ಲ. ಫಲಿತಾಂಶ ಬರುವುದು ಆರು ತಿಂಗಳಿಗೊಮ್ಮೆ. ಕೊಳ್ಳುವುದೂ ಮಾರುವುದೂ ದೊಡ್ಡ ಲಾಟ್‌ಗಳಲ್ಲಿ.

2024ರ ಆಗಸ್ಟ್‌ನಲ್ಲಿ ದೆಹಲಿಯ ರಿಸೋರ್ಸ್‌ಫುಲ್ ಆಟೊಮೊಬೈಲ್ ಎಂಬ ಕಂಪನಿ ₹12 ಕೋಟಿ ಕೇಳಿತು. ಅದು ಎಂಟು ಉದ್ಯೋಗಿಗಳ, ಎರಡು ಬೈಕ್ ಮಳಿಗೆಗಳ ವ್ಯಾಪಾರ. ಬಂದ ಬೇಡಿಕೆ ಸುಮಾರು ₹4,800 ಕೋಟಿ. ಕಂಪನಿ ತಪ್ಪು ಮಾಡಿತೆಂದು ಹೇಳುತ್ತಿಲ್ಲ, ಅದು ತನ್ನ ಅಳತೆಯನ್ನು ಮುಚ್ಚಿಟ್ಟಿರಲಿಲ್ಲ. ಅರ್ಜಿ ಹಾಕಿದವರು ಓದಿರಲಿಲ್ಲ. ಮುಂದಿನ ತಿಂಗಳೇ ಟ್ರಾಫಿಕ್‌ಸೋಲ್ ಎಂಬ ಕಂಪನಿಯ ಐಪಿಒ ಮುಗಿದ ಮೇಲೆ, ಸಾಫ್ಟ್‌ವೇರ್ ಖರೀದಿಗೆ ಹೆಸರಿಸಿದ್ದ ಮಾರಾಟಗಾರ ಸಂಸ್ಥೆಯ ಬಗ್ಗೆ ದೂರುಗಳು ಬಂದವು. ಷೇರು ಪೇಟೆಗೆ ಬರುವುದನ್ನು ಬಿಎಸ್‌ಇ ತಡೆಹಿಡಿಯಿತು. ಡಿಸೆಂಬರ್‌ನಲ್ಲಿ ಹೂಡಿಕೆದಾರರಿಗೆ ಹಣ ಮರಳಿಸುವಂತೆ ಸೆಬಿ ಆದೇಶಿಸಿತು. ಆ ಐಪಿಒಗೂ ಮುನ್ನೂರು ಪಟ್ಟಿಗೂ ಹೆಚ್ಚು ಅರ್ಜಿ ಬಂದಿದ್ದವು.

2025ರಲ್ಲಿ ನಿಯಮಗಳು ಬಿಗಿಯಾದವು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷವಾದರೂ ₹1 ಕೋಟಿ ಕಾರ್ಯಾಚರಣೆ ಲಾಭ ಇರಬೇಕು; ಹಳಬರು ಮಾರುವ ಪಾಲು ಕೊಡುಗೆಯ ಶೇ 20 ಮೀರಬಾರದು; ಸಂಗ್ರಹಿಸಿದ ಹಣದಲ್ಲಿ ಪ್ರವರ್ತಕರ ಸಾಲ ತೀರಿಸುವಂತಿಲ್ಲ; ಕನಿಷ್ಠ ಅರ್ಜಿ ₹2 ಲಕ್ಷಕ್ಕಿಂತ ಮೇಲೆ. ಆ ಕೊನೆಯ ನಿಯಮದ ಅರ್ಥ ಸ್ಪಷ್ಟವಾಗಿದೆ: ಇದು ಸಣ್ಣ ಉಳಿತಾಯಗಾರರ ಜಾಗವಲ್ಲ. ನಾನು ಇಲ್ಲಿ ಅರ್ಜಿ ಹಾಕು ಎನ್ನುವುದು ಒಂದೇ ಸಂದರ್ಭದಲ್ಲಿ: ಆ ಉದ್ಯಮ ನಿಮ್ಮ ಕಸುಬಿಗೆ ಹತ್ತಿರವಾಗಿದ್ದು, ಅದರ ಗ್ರಾಹಕರನ್ನೋ ಸರಬರಾಜುದಾರರನ್ನೋ ನೀವೇ ವಿಚಾರಿಸಬಲ್ಲಿರಾದರೆ. ಫೌಂಡ್ರಿ ನಡೆಸುವವರಿಗೆ ಇನ್ನೊಂದು ಫೌಂಡ್ರಿಯ ಲೆಕ್ಕ ಓದಿದರೆ ಅರ್ಥವಾಗುವುದು ನನಗೆ ಆಗುವುದಿಲ್ಲ.

ಫಂಡ್

ಸ್ಮಾಲ್ ಕ್ಯಾಪ್ ಫಂಡ್ ತನ್ನ ಹಣದ ಕನಿಷ್ಠ ಶೇ 65ನ್ನು ಸಣ್ಣ ಕಂಪನಿಗಳಲ್ಲಿ ಇಡಬೇಕು. ಐವತ್ತು, ನೂರು ಕಂಪನಿಗಳಲ್ಲಿ ಹಣ ಹಂಚಿರುವುದರಿಂದ ಒಂದು ಮುಳುಗಿದರೂ ಉಳಿದವು ಹಿಡಿದುಕೊಳ್ಳುತ್ತವೆ. ಹೊರಬರುವ ಬಾಗಿಲು ಕೂಡ ಅಗಲ, ಆದರೆ ಅದಕ್ಕೂ ಮಿತಿಯಿದೆ. 2024ರ ಮಾರ್ಚ್‌ನಲ್ಲಿ ಫಂಡ್‌ಗಳು ಪ್ರಕಟಿಸಿದ ಒತ್ತಡ ಪರೀಕ್ಷೆಯಲ್ಲಿ, ಅರ್ಧದಷ್ಟು ಹೂಡಿಕೆಯನ್ನು ಮಾರಲು ಎಸ್‌ಬಿಐ ಸ್ಮಾಲ್ ಕ್ಯಾಪ್ ಫಂಡ್‌ಗೆ 60 ದಿನ, ನಿಪ್ಪಾನ್ ಇಂಡಿಯಾದ ಫಂಡ್‌ಗೆ 27 ದಿನ ಬೇಕೆಂದು ತಿಳಿಯಿತು. ವೃತ್ತಿಪರರಿಗೇ ಇಷ್ಟು ದಿನ ಬೇಕಾದರೆ, ನಮ್ಮ ಕೈಯಲ್ಲಿರುವ ಒಂದೇ ಷೇರು ಸಿಕ್ಕಿಹಾಕಿಕೊಂಡಾಗ ಏನಾಗಬಹುದು ಎಂದು ಯೋಚಿಸಿ.

ನಾನು ಯಾರಿಗೆ ಏನು ಹೇಳುತ್ತೇನೆ

ವಾರದಲ್ಲಿ ಒಂದು ಗಂಟೆಯನ್ನೂ ಓದಿಗೆ ಕೊಡಲಾಗದವರಿಗೆ ಫಂಡ್‌ನ ಎಸ್‌ಐಪಿಯೇ (ತಿಂಗಳ ಕಂತಿನ ಹೂಡಿಕೆ) ಸರಿ, ಕನಿಷ್ಠ ಏಳು ವರ್ಷಗಳ ಲೆಕ್ಕದಲ್ಲಿ. ವಾರ್ಷಿಕ ವರದಿ ಓದುವುದರಲ್ಲಿ ಖುಷಿ ಕಾಣುವವರಿಗೆ ಪೇಟೆಯಲ್ಲಿ ಹತ್ತು ವರ್ಷ ಕಳೆದ ಸಣ್ಣ ಕಂಪನಿಗಳು. ಒಂದೊಂದರಲ್ಲಿ ಒಟ್ಟು ಷೇರು ಹೂಡಿಕೆಯ ಶೇ 5ಕ್ಕಿಂತ ಹೆಚ್ಚು ಬೇಡ. ಮುಖ್ಯ ಪೇಟೆಯ ಐಪಿಒ ಬಗ್ಗೆ ನನ್ನದು ಒಂದೇ ಪರೀಕ್ಷೆ: ಲಾಟರಿಯಲ್ಲಿ ಷೇರು ಸಿಗದೇ ಹೋದರೆ, ಪೇಟೆಗೆ ಬಂದ ಮೇಲೆ ಅದೇ ಬೆಲೆಗೆ ಕೊಳ್ಳುತ್ತೀರಾ? ‘ಹೌದು’ ಎನ್ನುವಷ್ಟು ಕಂಪನಿಯನ್ನು ಅರಿತಿದ್ದರೆ ಅರ್ಜಿ ಹಾಕಿ. ‘ಇಲ್ಲ’ ಎಂದಾದರೆ ಹೆಸರು ಬರೆದಿಟ್ಟುಕೊಂಡು ಕಾಯಿರಿ. ಎರಡು ತ್ರೈಮಾಸಿಕ ಫಲಿತಾಂಶ ಬರಲಿ, ಆರು ತಿಂಗಳ ಲಾಕ್-ಇನ್ ಮುಗಿಯಲಿ. ಬಣ್ಣ ಹಚ್ಚಿದ ಕೋಡು ಮಳೆಗೆ ತೊಳೆದು, ಎತ್ತು ಹೊಲಕ್ಕಿಳಿದಿರುತ್ತದೆ.

ಮೇಷ್ಟ್ರು ಈಗ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಪ್ರತಿ ಪುಟಕ್ಕೊಂದು ಐಪಿಒ: ಕೊಡುಗೆ ಬೆಲೆ, ಮಾರಿದವರು ಯಾರು, ಲಾಕ್-ಇನ್ ಮುಗಿಯುವ ದಿನ. ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ ಫಲಿತಾಂಶ ಬಂದಂತೆಲ್ಲ ತುಂಬುತ್ತಾರೆ. ಹೋದ ತಿಂಗಳು ಒಂದು ಕಂಪನಿಯ ವಾರ್ಷಿಕ ವರದಿಯ ಪುಟದ ಚಿತ್ರ ಕಳಿಸಿದ್ದರು. ಬಾಕಿಯ ಸಾಲಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ನಮ್ಮ ಉತ್ತರಪತ್ರಿಕೆಗಳ ಮೇಲೆ ಬರೆಯುತ್ತಿದ್ದ ಅದೇ ದುಂಡಗಿನ ಅಕ್ಷರಗಳಲ್ಲಿ, “ಇದು ಒಂದೇ ವರ್ಷದಲ್ಲಿ ದುಪ್ಪಟ್ಟಾಗಿದ್ದು ಹೇಗೆ?” ಎಂದು ಬರೆದಿದ್ದರು. ಕಂಪನಿಯ ಹೂಡಿಕೆದಾರರ ವಿಭಾಗಕ್ಕೆ ಅದೇ ಪ್ರಶ್ನೆಯನ್ನು ಇಮೇಲ್ ಮಾಡಿದ್ದೇವೆ. ಉತ್ತರ ಬರುವವರೆಗೆ ಇಬ್ಬರೂ ಕೊಳ್ಳುತ್ತಿಲ್ಲ.